ಆಗಸ್ಟಿನ ಹಿಮಾಲಯ

ಜರ್ಮನಿಯಲ್ಲಿ ಮನೆ ಬಾಡಿಗೆಗೆ ಹಿಡಿದರೆ ಅದರ ಜೊತೆಗೆ ನೆಲದಡಿಯಲ್ಲಿ ಒಂದು ಗೂಡನ್ನೂ ಕೊಡುತ್ತಾರೆ. ಕೆಲ್ಲರ್ ಎಂದು ಅದರ ಹೆಸರು. ಬಿಸಾಡಲು ಮನಸ್ಸು ಬಾರದ, ಇಟ್ಟುಕೊಂಡರೂ ಉಪಯೋಗಕ್ಕೆ ಬಾರದ ಸಾಮಾನನ್ನೆಲ್ಲ ಅದರೊಳಗೆ ತುರುಕಿ ಬೀಗ ಜಡಿದು, ಮೇಲಿನ ಮನೆಯಲ್ಲಿ ನಾವು ಭಾರೀ ಅಚ್ಚುಕಟ್ಟಿನ ಜನ ಎಂದು ತೋರಿಸಿಕೊಳ್ಳಬಹುದು. ಈ ವರ್ಷ ಮಾರ್ಚಿನಲ್ಲಿ ಹಳೆಯ ಸಾಮಾನು ಒಯ್ಯುವ ಪುರಸಭೆಯ ಗಾಡಿ ನಮ್ಮ ಬೀದಿಗೆ ಬರುವುದಿತ್ತು. ಹೆಂಡತಿ ಸ್ಮಿತಾ ನನ್ನನ್ನು ಕೆಲ್ಲರಿಗೆ ಅಟ್ಟಿದಳು. ಒಂದೇ ಸಲ ಕಾಲಿಗೆ ಕಟ್ಟಿಕೊಂಡು ಬಿದ್ದು ಎದ್ದ ಸ್ಕೀ ಹಲಗೆಗಳು, ಕೋವಿಡ್ ಕಾಲದಲ್ಲಿ ಬ್ರೆಡ್ ಮಾಡುತ್ತೇನೆಂದು ತಂದ ಯಂತ್ರ, ಇವುಗಳ ಅಡಿಯಲ್ಲಿ ಒಂದು ಸೂಟ್‌ಕೇಸ್. ಅದರೊಳಗೆ ಮಡಚಿಟ್ಟ ಒಂದು ನೀಲಿ ಪ್ಲಾಸ್ಟಿಕ್ ರೇನ್‌ಕೋಟು. ಬಿಡಿಸಿದ್ದೇ ತಡ, ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಅದರ ಹಿಂದೆಯೇ ಸುಟ್ಟ ಜೋಳದ ವಾಸನೆಯೂ ಬಂದಂತಾಯಿತು. ಅದು ಸುಮತಿ ಚಿಕ್ಕಮ್ಮನ ರೇನ್‌ಕೋಟು. ನಾಲ್ಕು ವರ್ಷದ ಹಿಂದೆ ಮಸ್ಸೂರಿಯ ಬೀದಿಬದಿಯಲ್ಲಿ ಕೊಂಡದ್ದು.

ಸುಮತಿ ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಉಡುಪಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು. ನಾನೂ ಅವಳ ತರಗತಿಯಲ್ಲಿ ಕೂತು, ಗಂಗೆಯನ್ನು ಅರಬ್ಬೀ ಸಮುದ್ರಕ್ಕೆ ಹರಿಸಿ ಇಡೀ ಒಂದು ಪೀರಿಯಡ್ಡು ಬೆಂಚಿನ ಮೇಲೆ ನಿಂತವನು. ನಕಾಶೆ ನೋಡದೆ ಬೋರ್ಡಿನ ಮೇಲೆ ಹಿಮಾಲಯವನ್ನು ಎಳೆಯುತ್ತಿದ್ದಳು. ಪಶ್ಚಿಮದಿಂದ ಹೊರಟ ಸೀಮೆಸುಣ್ಣ ಅರುಣಾಚಲದಲ್ಲೇ ನಿಲ್ಲುತ್ತಿತ್ತು. ಶಿಖರಗಳ ಹೆಸರು ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು, ಯಾರೋ ಮಲಗಿದ್ದಾರೆ, ಎಚ್ಚರವಾಗಬಾರದು ಎಂಬ ಹಾಗೆ. ನಿವೃತ್ತಿಯ ದಿನ ಅವಳು ಮಾಡಿದ ಭಾಷಣದ ವಿಡಿಯೋ ನನಗೆ ಜರ್ಮನಿಯ ನಮ್ಮ ಊರಾದ ರೆನ್ನಿಂಗೆನ್‌ನಲ್ಲಿ ಸಿಕ್ಕಿತು. ಇಷ್ಟು ವರ್ಷ ಹಿಮಾಲಯವನ್ನು ಕಣ್ಣಾರೆ ಕಂಡವಳ ಹಾಗೆ ಪಾಠ ಮಾಡಿದ್ದೇನೆ, ನಿಜ ಹೇಳಬೇಕೆಂದರೆ ಒಮ್ಮೆಯೂ ನೋಡಿಲ್ಲ, ಮಕ್ಕಳು ಕ್ಷಮಿಸಬೇಕು ಎಂದು ಹೇಳಿ ಕೂತುಬಿಟ್ಟಳು. ಸಭೆ ನಕ್ಕಿತು. ಅವಳು ನಕ್ಕಿರಲಿಲ್ಲ.

ಪರದೇಶದಲ್ಲಿರುವವರಿಗೆ ಆಗಾಗ ಔದಾರ್ಯದ ಜ್ವರ ಬರುತ್ತದೆ. ನನಗೆ ಆ ಸಂಜೆಯೇ ಬಂತು. ಫೋನು ಮಾಡಿ, ಹಿಮಾಲಯವನ್ನು ನಾನು ತೋರಿಸುತ್ತೇನೆ ಎಂದು ಘೋಷಿಸಿದೆ, ಅದೇನೋ ನನ್ನ ಹೆಸರಿಗೆ ರಿಜಿಸ್ಟರ್ ಆದ ಆಸ್ತಿ ಎಂಬ ಧಾಟಿಯಲ್ಲಿ.

ಯಾವಾಗ ಎಂದು ಅವಳು ಕೇಳಿದಳು. ಆಗಸ್ಟಿನಲ್ಲಿ ಎಂದೆ. ಇಲ್ಲಿ ಸ್ವಲ್ಪ ವಿವರಣೆ ಬೇಕು. ಈ ದೇಶದಲ್ಲಿ ಶಾಲೆ ನಡೆಯುವ ದಿನ ಮಗುವನ್ನು ಶಾಲೆ ಬಿಡಿಸಿ ಊರಿಗೆ ಕರೆದುಕೊಂಡು ಹೋಗುವುದು ಹೆಚ್ಚುಕಡಿಮೆ ಕಳ್ಳಸಾಗಣೆಗೆ ಸಮ. ಏರ್‌ಪೋರ್ಟಿನಲ್ಲಿ ಪೊಲೀಸರು ಹಿಡಿಯುತ್ತಾರಂತೆ ಎಂದು ನಮ್ಮ ಕನ್ನಡ ಬಳಗದಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಹೇಳುತ್ತಾರೆ, ಹಿಡಿಸಿಕೊಂಡವರು ಮಾತ್ರ ಇದುವರೆಗೆ ಸಿಕ್ಕಿಲ್ಲ. ಆದ್ದರಿಂದ ಜರ್ಮನಿಯ ಕನ್ನಡಿಗರಿಗೆ ಭಾರತ ಎಂದರೆ ಆಗಸ್ಟ್. ಮಾವಿನಹಣ್ಣು ಮುಗಿದಿರುತ್ತದೆ, ಮದುವೆಗಳು ಮುಗಿದಿರುತ್ತವೆ, ಒಗೆದ ಬಟ್ಟೆ ಒಣಗುವುದಿಲ್ಲ, ನಾವು ಮಾತ್ರ ಹಾಜರು. ನನ್ನ ಮಗಳು ತನ್ವಿ ಬಹಳ ವರ್ಷ ಭಾರತವನ್ನು ಬಿಡದೆ ಮಳೆ ಸುರಿಯುವ ದೇಶವೆಂದೇ ತಿಳಿದಿದ್ದಳು. ಅಕ್ಟೋಬರ್ ಕೊನೆಯಲ್ಲೂ ಒಂದು ವಾರ ರಜೆ ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಇದೆ, ಹೆರ್ಬ್ಸ್ಟ್‌ಫೇರಿಯೆನ್, ಅಂದರೆ ಶರತ್ಕಾಲದ ರಜೆ. ಆದರೆ ಅದು ನಮಗೆ ಯಾವುದಾದರೂ ದ್ವೀಪಕ್ಕೆ ಹೋಗಿ ಬಿಸಿಲಲ್ಲಿ ಮಲಗಲು ಮೀಸಲಾದದ್ದು. ಮೂವತ್ತು ವರ್ಷ ಬಿಸಿಲನ್ನು ಬೈದುಕೊಂಡು ಬೆಳೆದವನು ಈಗ ಬಿಸಿಲನ್ನು ಹುಡುಕಿಕೊಂಡು ವಿಮಾನ ಹತ್ತುತ್ತೇನೆ.

“ಆಗಸ್ಟಾ?” ಎಂದಳು ಚಿಕ್ಕಮ್ಮ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಕೃತಜ್ಞತೆಯಿಂದ ಗಂಟಲು ಕಟ್ಟಿರಬೇಕು ಎಂದು ನಾನು ಅರ್ಥಮಾಡಿಕೊಂಡೆ. “ಆಯ್ತು ಮಾರಾಯ,” ಎಂದಳು ಕೊನೆಗೆ.

ನಾನು ಎಂಜಿನಿಯರು. ಮಂಜು ಮುಸುಕಿದ ರಸ್ತೆಯಲ್ಲೂ ಕಾರಿಗೆ ದಾರಿ ಕಾಣುವಂತೆ ಮಾಡುವುದು ನನ್ನ ಹೊಟ್ಟೆಪಾಡು. ಇಂಥವನು ಪ್ರವಾಸ ಯೋಜಿಸಿದರೆ ಹೇಗಿರಬೇಡ. ಎಕ್ಸೆಲ್ ಹಾಳೆ ತಯಾರಾಯಿತು. ಮಸ್ಸೂರಿಯ ನೋಡತಕ್ಕ ಸ್ಥಳಗಳೆಲ್ಲ ಒಂದರ ಕೆಳಗೊಂದು ಬಂದು ಕೂತವು, ಪ್ರತಿಯೊಂದಕ್ಕೂ ಒಂದು ಬಣ್ಣ, ತಲುಪುವ ಸಮಯ, ಬಿಡುವ ಸಮಯ, ಮೂತ್ರಕ್ಕೆ ಹತ್ತು ನಿಮಿಷ. ಚಿಕ್ಕಮ್ಮನಿಗೆ ಹೋಟೆಲಿನ ಫೋಟೋ ಕಳಿಸಿದೆ. ವರಾಂಡ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಅವಳು ಕೇಳಿದಳು. ಇಳಿವಯಸ್ಸಿನಲ್ಲಿ ಚಿಕ್ಕಮ್ಮನಿಗೆ ವಾಸ್ತು ಹಿಡಿಯಿತು ಎಂದು ನಾನೂ ಸ್ಮಿತಾಳೂ ನಕ್ಕೆವು. ಉತ್ತರಕ್ಕೆ ಎಂದು ಉತ್ತರಿಸಿದೆ. ಹಾಗಾದರೆ ಅದೇ ಇರಲಿ ಎಂದಳು.

ಗಿರಿಧಾಮಗಳಿಗೆ ಹೋದವರಿಗೆ ‘ಪಾಯಿಂಟ್’ ಎಂದರೇನೆಂದು ಹೇಳಬೇಕಾಗಿಲ್ಲ. ಹೋಗದವರಿಗೆ ಹೇಳುತ್ತೇನೆ. ನಿಸರ್ಗವು ದೊಡ್ಡದಾಗಿ, ಅಸ್ತವ್ಯಸ್ತವಾಗಿ ಹರಡಿಕೊಂಡಿರುವುದರಿಂದ ರಜೆಯ ಮೇಲೆ ಬಂದವರಿಗೆ ಅದನ್ನು ಪೂರ್ತಿ ನೋಡಲು ಸಮಯವಿರುವುದಿಲ್ಲ. ಅದಕ್ಕೆ ಟ್ಯಾಕ್ಸಿ ಸಂಘದವರು ಅದನ್ನು ಕತ್ತರಿಸಿ ಏಳು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಕಬ್ಬಿಣದ ಬೇಲಿ, ಒಂದು ಮ್ಯಾಗಿ ಅಂಗಡಿ, ಒಂದು ಪಾರ್ಕಿಂಗು ಒದಗಿಸಿದ್ದಾರೆ. ನಮ್ಮ ಡ್ರೈವರ್ ರಾವತ್ ಹತ್ತಿರ ಈ ಏಳರ ಪಟ್ಟಿ ಪ್ಲಾಸ್ಟಿಕ್ ಹೊದಿಕೆಯಲ್ಲಿತ್ತು. ನನ್ನ ಎಕ್ಸೆಲ್ ಹಾಳೆಗೂ ಅದಕ್ಕೂ ತಾಳೆ ಹಾಕಿ ನೋಡಿದೆವು. ಕ್ರಮವೂ ಸೇರಿದಂತೆ ಎಲ್ಲ ಹೊಂದಿತು. ಎರಡು ಮಹಾನ್ ಮನಸ್ಸುಗಳು ಕೈಕುಲುಕಿದವು.

ಮೊದಲ ದಿನ ಲಾಲ್ ಟಿಬ್ಬಾ. ಎತ್ತರದ ಜಾಗ, ಅಲ್ಲಿಂದ ಹಿಮಶಿಖರಗಳ ಸಾಲು ಕಾಣುತ್ತದೆ ಎಂದು ಪಟ್ಟಿಯಲ್ಲಿತ್ತು. ನಮಗೆ ಕಂಡದ್ದು ಕಬ್ಬಿಣದ ಬೇಲಿ. ಬೇಲಿಯ ಆಚೆ ಬೆಳ್ಳಗೆ ಮಂಜು, ನಮ್ಮ ಕೈಯನ್ನು ನಾವು ಚಾಚಿದರೆ ಬೆರಳು ಕಾಣದಷ್ಟು. ಹಾಗಿದ್ದರೂ ಅಲ್ಲಿ ದೂರದರ್ಶಕ ಇಟ್ಟುಕೊಂಡವನ ವ್ಯಾಪಾರ ಜೋರಾಗಿತ್ತು. ಜನ ಸಾಲಾಗಿ ನಿಂತು ಕಣ್ಣಿಟ್ಟು ನೋಡುತ್ತಿದ್ದರು. ಆತ ಪಕ್ಕದಲ್ಲಿ ನಿಂತು, ಎಡಕ್ಕೆ ಕೇದಾರನಾಥ, ಬಲಕ್ಕೆ ಬದರೀನಾಥ ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ಕೈಮುಗಿದವರೂ ಇದ್ದರು. ನಾನೂ ಕಣ್ಣಿಟ್ಟೆ. ಬರಿಗಣ್ಣಿಗೆ ಸಣ್ಣದಾಗಿ ಕಾಣುತ್ತಿದ್ದ ಮಂಜು ದೊಡ್ಡದಾಗಿ ಕಂಡಿತು. ಚಿಕ್ಕಮ್ಮ ನೋಡಲಿಲ್ಲ. ಬಂದರ್‌ಪೂಂಛ್ ಎಲ್ಲಿ ಎಂದು ತನ್ನ ಶಾಲೆಯ ಹಿಂದಿಯಲ್ಲಿ ಅವನನ್ನು ಕೇಳಿದಳು. ಅವನು ಕೈ ತೋರಿಸಿದ. ಅವಳು ಅವನ ಮೊಣಕೈ ಹಿಡಿದು, ಹುಡುಗರ ಕೈಗೆ ಪೆನ್ಸಿಲ್ ಹಿಡಿಸುವಂತೆ, ಇಷ್ಟೇ ಇಷ್ಟು ಬಲಕ್ಕೆ ತಿರುಗಿಸಿದಳು. ಅವನು ಮುಂದಿನ ಗಿರಾಕಿಗೆ ತಿದ್ದಿದ ದಿಕ್ಕನ್ನೇ ತೋರಿಸಿದ.

ಉಳಿದ ಪಾಯಿಂಟುಗಳಿಗೂ ನಾವು ನ್ಯಾಯ ಒದಗಿಸಿದೆವು. ಒಂಟೆಯ ಬೆನ್ನಿನಂಥ ಬಂಡೆ ಎಂಬುದಿತ್ತು, ಒಂಟೆಯೂ ಇಲ್ಲ ಬೆನ್ನೂ ಇಲ್ಲ. ಗನ್ ಹಿಲ್ಲಿಗೆ ರೋಪ್‌ವೇಯಲ್ಲಿ ಹೋದೆವು, ಮಂಜಿನಿಂದ ಹೊರಟು ಮಂಜಿನಲ್ಲಿ ಇಳಿದೆವು. ಮೇಲೆ ಒಬ್ಬ ಫೋಟೋದವನು ನಮಗೆ ಗಢವಾಲಿ ಉಡುಪು ತೊಡಿಸಿ, ಹಿಮಶಿಖರಗಳ ಚಿತ್ರ ಬಿಡಿಸಿದ ಪರದೆಯ ಮುಂದೆ ನಿಲ್ಲಿಸಿದ. ನಿಜವಾದ ಹಿಮಾಲಯಕ್ಕೆ ಬೆನ್ನು ಹಾಕಿ, ಬಣ್ಣದ ಹಿಮಾಲಯದ ಎದುರು ಹಲ್ಲು ಕಿರಿದೆವು. ಪ್ರತಿ ಸ್ಥಳದಿಂದ ಮರಳಿ ಟ್ಯಾಕ್ಸಿ ಹತ್ತಿದ ಮೇಲೆ ಫೋನಿನಲ್ಲಿ ಎಕ್ಸೆಲ್ ತೆರೆದು ಗುರುತು ಹಾಕುತ್ತಿದ್ದೆ. ಏನನ್ನೂ ನೋಡದೆ ಇಷ್ಟೊಂದನ್ನು ನೋಡಿ ಮುಗಿಸಿದ ತೃಪ್ತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆಗ ಆರು ವರ್ಷದವಳಾಗಿದ್ದ ತನ್ವಿ, ಬೆಟ್ಟ ಎಲ್ಲಿ ಎಂದು ಜರ್ಮನ್‌ನಲ್ಲಿ ಕೇಳುತ್ತಲೇ ಇದ್ದಳು. ಇದೇ ಬೆಟ್ಟ, ನಾವು ನಿಂತಿರುವುದೇ ಬೆಟ್ಟ ಎಂದು ಗದರಿಸಿದೆ.

ಮೂರನೆಯ ದಿನ ಕೊನೆಯ ದಿನ. ಬೆಳಿಗ್ಗೆ ಚಿಕ್ಕಮ್ಮ ಶಾಲು ಹೊದ್ದುಕೊಂಡು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಬಿಳಿ ಗೋಡೆಯಂಥ ಮಂಜು.

“ನಾನಿವತ್ತು ಇಲ್ಲೇ ಕೂತ್ಕೊಳ್ತೇನೆ. ನೀವು ಹೋಗಿ ಬನ್ನಿ,” ಎಂದಳು.

ನಾನು ಒಪ್ಪಲಿಲ್ಲ. ಗಂಟುನೋವೇ ಎಂದು ಕೇಳಿದೆ, ಅಲ್ಲವೆಂದಳು. ಕೆಂಪ್ಟಿ ಜಲಪಾತ ಒಂದು ಬಾಕಿ ಇದೆ, ಇಷ್ಟು ದೂರ ಬಂದು ಕೋಣೆಯ ಮುಂದೆ ಕೂರುವುದೇ, ಕೂರುವುದಾದರೆ ಉಡುಪಿಯಲ್ಲೇ ಕೂರಬಹುದಿತ್ತಲ್ಲ ಎಂದೆ. ಇನ್ನೂ ಏನೇನೋ ಹೇಳಿದೆ, ಎಲ್ಲವೂ ಅವಳ ಒಳ್ಳೆಯದಕ್ಕೆ. ಜಲಪಾತ ನೋಡದೆ ಹೋದರೆ ಮಸ್ಸೂರಿ ನೋಡಿದ ಹಾಗೇ ಅಲ್ಲ ಎಂದು ರಾವತ್ ಕೂಡ ದನಿಗೂಡಿಸಿದ. ಚಿಕ್ಕಮ್ಮ ಒಂದು ಸಲ ಉತ್ತರದ ಕಡೆ ನೋಡಿದಳು. ಎದ್ದು ನೀಲಿ ರೇನ್‌ಕೋಟು ತೊಟ್ಟು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಳು. ಗೆದ್ದೆ ಎಂದುಕೊಂಡೆ.

ಜಲಪಾತಕ್ಕೆ ಹೋಗುವ ದಾರಿಯಲ್ಲಿ ಉತ್ತರ ಭಾರತದ ಸಮಸ್ತ ಕಾರುಗಳು ನಿಂತಿದ್ದವು. ಎರಡು ತಾಸು ನಾವೂ ನಿಂತೆವು. ಸುಟ್ಟ ಜೋಳ ತಿಂದೆವು, ನಿಂಬೆ ಮಸಾಲೆ ಹೆಚ್ಚಾಗಿ ತನ್ವಿ ಅತ್ತಳು. ಕಣಿವೆಯ ತಿರುವಿನಲ್ಲಿ ಸಿಕ್ಕಿದ್ದೆವಾದ್ದರಿಂದ ಒಂದು ಕಡೆ ಬಂಡೆ, ಮುಂದೆ ಬಸ್ಸಿನ ಬೆನ್ನು. ನಡುವೆ ಹನ್ನೊಂದೂವರೆಯ ಹೊತ್ತಿಗೆ ಒಮ್ಮೆ ಬೆಳಕು ಬಂದಂತಾಗಿ ಬಂಡೆಯ ಮೇಲಿನ ಹುಲ್ಲು ಹೊಳೆಯಿತು. ನೋಡಿ, ಒಳ್ಳೆ ವೆದರ್ ಎಂದು ನನ್ನನ್ನು ನಾನೇ ಅಭಿನಂದಿಸಿಕೊಂಡೆ. ಚಿಕ್ಕಮ್ಮ ಕಿಟಕಿಯ ಗಾಜು ಇಳಿಸಿ, ಬಂಡೆಯನ್ನು ದಾಟಿ ಆಚೆ ನೋಡಲು ಕತ್ತು ಉದ್ದ ಮಾಡಿದಳು. ಆಮೇಲೆ ಗಾಜು ಏರಿಸಿದಳು. ಜಲಪಾತ ಹೇಗಿತ್ತೆಂದರೆ, ಸೊಂಟಕ್ಕೆ ತೇಲುವ ಟ್ಯೂಬು ಕಟ್ಟಿಕೊಂಡ ಜನರ ನಡುವೆ ಅಲ್ಲಲ್ಲಿ ನೀರು ಇತ್ತು.

ಸಂಜೆ ನಾಲ್ಕಕ್ಕೆ ಹೋಟೆಲಿಗೆ ಬಂದಾಗ ಮ್ಯಾನೇಜರು ಮೆಟ್ಟಿಲ ಮೇಲೆಯೇ ಕಾದಿದ್ದರು. ಒಳ್ಳೆಯ ಮನುಷ್ಯ, ಸಂತೋಷದ ಸುದ್ದಿ ಹೇಳದೆ ಇರಲಾರದವರು. ಹನ್ನೊಂದೂವರೆಗೆ ಇಪ್ಪತ್ತು ನಿಮಿಷ ಮೋಡ ಪೂರ್ತಿ ತೆರೆದಿತ್ತಂತೆ. ಈ ತಿಂಗಳಲ್ಲಿ ಹೀಗೆ ಆಗುವುದೇ ಅಪರೂಪವಂತೆ. ಹೋಟೆಲಿನಲ್ಲಿ ಉಳಿದವರೆಲ್ಲ ವರಾಂಡದಲ್ಲೇ ನಿಂತು ಇಡೀ ಸಾಲನ್ನು ನೋಡಿದರಂತೆ. ತಾವು ತೆಗೆದ ಫೋಟೋವನ್ನು ಫೋನಿನಲ್ಲಿ ತೋರಿಸಿದರು.

ಚಿಕ್ಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಇದು ಸ್ವರ್ಗಾರೋಹಿಣಿ, ಇದು ಬಂದರ್‌ಪೂಂಛ್, ಇದು ಶ್ರೀಕಂಠ ಎಂದು ಬೆರಳಿಟ್ಟು ತನ್ವಿಗೆ ತೋರಿಸಿದಳು, ಸಣ್ಣ ದನಿಯಲ್ಲಿ. ಮ್ಯಾನೇಜರಿಗೇ ಆ ಹೆಸರುಗಳು ಪೂರ್ತಿ ಗೊತ್ತಿರಲಿಲ್ಲ. “ಚಂದ ಉಂಟು,” ಎಂದು ಫೋನು ವಾಪಸು ಕೊಟ್ಟಳು. ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ನಾಳೆ ಬೆಳಿಗ್ಗೆಯೂ ತೆರೆಯಬಹುದು ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಬೆಳಿಗ್ಗೆ ಆರಕ್ಕೆ ಟ್ಯಾಕ್ಸಿ ಎಂದು ಅವಳು ನೆನಪಿಸಿದಳು. ನನಗೆ ನಾಚಿಕೆಯಾಯಿತು. ಎಷ್ಟು ಆಯಿತೆಂದರೆ, ಏನು ಮಾಡಬೇಕೆಂದು ತೋಚದೆ ಎಕ್ಸೆಲ್ ತೆರೆದು ಕೆಂಪ್ಟಿಯ ಎದುರು ಗುರುತು ಹಾಕಿದೆ.

ರೆನ್ನಿಂಗೆನ್‌ಗೆ ಮರಳಿದ ಮೇಲೆ ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳು ಕೇಳಿದರು. ಹಿಮಾಲಯ ಅದ್ಭುತ ಎಂದು ಹೇಳಿದೆ. ಸಾಲಾಗಿ ಶಿಖರಗಳು, ಬೆಳಗಿನ ಬಂಗಾರದ ಬಣ್ಣ, ಹೀಗೆ. ಫೋಟೋ ಕೇಳಿದವರಿಗೆ ಮ್ಯಾನೇಜರು ಕಳಿಸಿದ್ದನ್ನೇ ತೋರಿಸಿದೆ. ಭಾರತದವನಾದ್ದರಿಂದ ಯಾರೂ ಅನುಮಾನಿಸಲಿಲ್ಲ. ಒಬ್ಬರಂತೂ ನನ್ನ ಏಳು ಪಾಯಿಂಟುಗಳ ಪಟ್ಟಿಯನ್ನು ಇಮೇಲಿನಲ್ಲಿ ತರಿಸಿಕೊಂಡು, ಇಷ್ಟು ಚೊಕ್ಕ ಯೋಜನೆಯನ್ನು ನಾವು ಜರ್ಮನ್ನರೂ ಮಾಡಲಾರೆವು ಎಂದು ಹೊಗಳಿದರು. ಹೊಗಳಿಕೆಯನ್ನು ಸ್ವೀಕರಿಸಿದೆ.

ಮಾರ್ಚಿನ ಆ ದಿನ ರೇನ್‌ಕೋಟನ್ನು ಕೈಯಲ್ಲಿ ಹಿಡಿದು, ಕೆಲ್ಲರಿನಲ್ಲಿ ನೆಟ್‌ವರ್ಕ್ ಇಲ್ಲದ ಕಾರಣ ಮೇಲೆ ಹತ್ತಿ ಬಂದು, ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ನೀನು ಬಿಟ್ಟುಹೋದ ಕೋಟು ನಮ್ಮ ಸೂಟ್‌ಕೇಸಿನಲ್ಲಿ ನಾಲ್ಕು ವರ್ಷದಿಂದ ಕೊಳೆಯುತ್ತಿತ್ತು ಎಂದು ತೋರಿಸಿದೆ. ಅವಳು ಪರದೆಯನ್ನು ಸ್ವಲ್ಪ ಓರೆಯಾಗಿ ನೋಡಿ ನಕ್ಕಳು. ಆ ನಗು ಕಂಡು ನನಗೆ ಅದುವರೆಗೆ ಕೇಳಲು ಧೈರ್ಯವಾಗದ್ದು ಬಾಯಿಗೆ ಬಂತು.

“ಆಗಸ್ಟಲ್ಲಿ ಅಲ್ಲಿ ಎಂತ ಕಾಣುದಿಲ್ಲ ಅಂತ ನಿಂಗೆ ಗೊತ್ತಿತ್ತಲ್ವಾ ಚಿಕ್ಕಮ್ಮ?”

“ಮೂವತ್ತೊಂದು ವರ್ಷ ಮಾನ್ಸೂನ್ ಕಲಿಸಿದವಳಿಗೆ ಗೊತ್ತಿರುದಿಲ್ವಾ ಮಾರಾಯ.”

“ಮತ್ತೆ ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಕ್ಯಾನ್ಸಲ್ ಮಾಡ್ತಿದ್ದಿ. ಮತ್ತೊಮ್ಮೆ ಕರ್ಕೊಂಡು ಹೋಗ್ಲಿಕ್ಕೆ ನಿಂಗೆ ಪುರ್ಸೊತ್ತು ಎಲ್ಲುಂಟು?”

ಸಿಟ್ಟಿನಿಂದ ಹೇಳಲಿಲ್ಲ. ಅವಳಿಗೆ ಒಂದು ಲೆಕ್ಕಾಚಾರ ಇತ್ತಂತೆ. ಮಳೆಗಾಲದಲ್ಲೂ ಮೋಡ ಯಾವಾಗಲಾದರೊಮ್ಮೆ ಹತ್ತು ಇಪ್ಪತ್ತು ನಿಮಿಷ ಬಿಡುತ್ತದೆ, ಯಾವಾಗ ಎಂದು ಯಾರಿಗೂ ಹೇಳಲು ಬಾರದು, ಉತ್ತರಕ್ಕೆ ಮುಖ ಮಾಡಿ ಒಂದೇ ಕಡೆ ಕೂತವನಿಗೆ ಮಾತ್ರ ಸಿಗುತ್ತದೆ. ಅದಕ್ಕೇ ವರಾಂಡದ ದಿಕ್ಕು ಕೇಳಿದ್ದು. ಮೊದಲೆರಡು ದಿನ ನನ್ನ ಮನಸ್ಸಿಗೆ ನೋವಾಗಬಾರದೆಂದು ಟ್ಯಾಕ್ಸಿ ಹತ್ತಿದ್ದಳು, ಮೂರನೆಯ ದಿನವನ್ನು ತನಗೆಂದು ಇಟ್ಟುಕೊಂಡಿದ್ದಳು. ಆ ಒಂದು ದಿನವನ್ನು ನಾನು ಒಯ್ದು ಬಸ್ಸಿನ ಬೆನ್ನ ಹಿಂದೆ ನಿಲ್ಲಿಸಿದೆ. ವಾಸ್ತು ಎಂದು ನಕ್ಕದ್ದು ನೆನಪಾಗಿ ನನ್ನ ಕಿವಿ ಬಿಸಿಯಾಯಿತು.

ಈ ಅಕ್ಟೋಬರ್ ಕೊನೆಗೆ ಒಂದು ವಾರ ರಜೆ ಇದೆ, ಹೋಗೋಣ, ಏಳು ದಿನವೂ ವರಾಂಡದಲ್ಲೇ ಕೂರೋಣ ಎಂದೆ. ದ್ವೀಪ ಎಂದು ಸ್ಮಿತಾ ಅಡುಗೆಮನೆಯಿಂದ ಬಾಯಿ ತೆರೆದವಳು ನನ್ನ ಮುಖ ನೋಡಿ ಸುಮ್ಮನಾದಳು.

“ಈಗ ಎಂತ ಪ್ರಯೋಜನ,” ಎಂದಳು ಚಿಕ್ಕಮ್ಮ. “ಕಣ್ಣಿನ ಹಿಂದಿನ ಪರದೆ ಸವ್ದಿದೆ ಅಂತೆ. ನೇರ ನೋಡಿದ್ದು ಕಾಣುದಿಲ್ಲ, ಬದಿಯದ್ದು ಕಾಣ್ತದೆ. ಸರಿ ಆಗುದಿಲ್ಲ ಅಂದಿದ್ದಾರೆ ಡಾಕ್ಟ್ರು.”

ಒಂದು ವರ್ಷದಿಂದ ಹೀಗಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಪರದೆಯನ್ನು ಓರೆಯಾಗಿ ನೋಡುತ್ತಿದ್ದದ್ದು ಅದಕ್ಕೆ. ನನ್ನಿಂದಾಗಿ ಅವಳು ಕಳೆದುಕೊಂಡದ್ದು ಇಪ್ಪತ್ತು ನಿಮಿಷವಲ್ಲ ಎಂಬುದು ಹೊಳೆದು, ಅಳು ಬಂತು. ಅತ್ತುಬಿಟ್ಟೆ. ಎಲ್ಲ ಕೇಳಿಸಿಕೊಳ್ಳುತ್ತಿದ್ದ ತನ್ವಿ ನನ್ನ ಪಕ್ಕ ತಲೆ ತೂರಿಸಿ, ತಾನು ನೋಡಿ ಹೇಳುತ್ತೇನೆ ಎಂದು ಜರ್ಮನ್‌ನಲ್ಲಿ ಹೇಳಿದಳು. ನಾನು ಮೂಗು ಒರೆಸಿಕೊಂಡು ಅದನ್ನು ಕನ್ನಡಕ್ಕೆ ತಂದೆ, ನೀವು ಚಿಂತೆ ಮಾಡಬೇಡಿ, ನಿಮ್ಮ ಕಣ್ಣಾಗುತ್ತೇನೆ ಎಂದೆಲ್ಲ ಸ್ವಲ್ಪ ಸೇರಿಸಿ.

“ಅವಳು ಅಷ್ಟುದ್ದ ಹೇಳ್ಲಿಲ್ಲ,” ಎಂದಳು ಚಿಕ್ಕಮ್ಮ. “ನೋಡ್ಲಿ. ಆದ್ರೆ ಕನ್ನಡದಲ್ಲೇ ಹೇಳ್ಬೇಕು. ನೀನು ನಡುವೆ ಬರುದು ಬೇಡ, ನೀನು ಇಲ್ಲದ್ದೆಲ್ಲ ಸೇರಿಸ್ತಿ.”

ಅಂದಿನಿಂದ ಶನಿವಾರ ಬೆಳಿಗ್ಗೆ ನಮ್ಮ ಬಾಲ್ಕನಿಯಲ್ಲಿ ಭೂಗೋಳದ ತರಗತಿ. ಟಿಕೆಟ್ ಆಗಿದೆ, ಅದೇ ಹೋಟೆಲು, ಟ್ಯಾಕ್ಸಿ ಇಲ್ಲ. ಅಷ್ಟರೊಳಗೆ ಹುಡುಗಿ ತಯಾರಾಗಬೇಕು. ಫೋನನ್ನು ಗೋಡೆಗೆ ಆನಿಸಿಟ್ಟು, ಎದುರಿಗೆ ಕಂಡದ್ದನ್ನು ತನ್ವಿ ಹೇಳಬೇಕು, ಚಿಕ್ಕಮ್ಮ ಕೇಳಬೇಕು. ಮೊದಲ ವಾರ ಮನೆ, ಮರ, ಕಾರು ಎಂದು ಮೂರೇ ಶಬ್ದಕ್ಕೆ ಮುಗಿಯಿತು. ಮರ ಎಷ್ಟು ಎಂದರೆ ತುಂಬ ಎನ್ನುತ್ತಿದ್ದಳು. ತುಂಬ ಎಂಬುದು ಉತ್ತರವಲ್ಲ, ಎಣಿಸು ಎನ್ನುತ್ತಿದ್ದಳು ಟೀಚರು. ಮರದ ಆಚೆ ಏನು, ಅದರ ಆಚೆ ಏನು, ಯಾವ ಕಡೆ ನೆರಳು. ತನ್ವಿ ಸಿಟ್ಟಿನಿಂದ ಫೋನು ಕವುಚಿ ಹಾಕಿ ಎದ್ದುಹೋದದ್ದೂ ಉಂಟು, ಐದು ನಿಮಿಷ ಬಿಟ್ಟು ತಾನೇ ಬಂದು ಕೂತದ್ದೂ ಉಂಟು. ಈಗ ಅವಳ ಬಾಯಲ್ಲಿ ಇಳಿಜಾರು, ಅಂಚು, ಕಣಿವೆ ಎಂಬ ಶಬ್ದಗಳಿವೆ. ಉಪ್ಪಿಟ್ಟು ಬೇಡ ಎನ್ನುವುದು ಮಾತ್ರ ಜರ್ಮನ್‌ನಲ್ಲಿ.

ಮೊನ್ನೆ ಶನಿವಾರ ನಾನು ದೋಸೆ ಹೊಯ್ಯುತ್ತಿದ್ದೆ.

“ಕಾಡಿನ ಹಿಂದೆ ಒಂದು ಬೆಟ್ಟ ಉಂಟು ಅಜ್ಜಿ. ಸಣ್ಣದು. ನೀಲಿ. ಮೇಲೆ ಒಂದೇ ಮರ.”

ಅಂಥ ಬೆಟ್ಟ ಅಲ್ಲಿಲ್ಲ, ಕಾಡಿನ ಹಿಂದೆ ಹೈವೇ ಇದೆ ಎಂದು ನಾನು ಅಡುಗೆಮನೆಯಿಂದಲೇ ತಿದ್ದಿದೆ. ಈ ಮನೆಯಲ್ಲಿ ಎಂಟು ವರ್ಷದಿಂದ ಇದ್ದೇನೆ, ಅದೇ ಬಾಲ್ಕನಿಯಲ್ಲಿ ಎಷ್ಟು ಕಾಫಿ ಕುಡಿದಿದ್ದೇನೆ. ನಾನು ಸಟ್ಟುಗ ಹಿಡಿದುಕೊಂಡೇ ಬಾಲ್ಕನಿಗೆ ಹೋದೆ. ತನ್ವಿ ಬೆರಳು ತೋರಿಸಿದಳು. ಅವಳ ಎತ್ತರಕ್ಕೆ ಬಗ್ಗಿ, ಬೆರಳಿನ ನೇರಕ್ಕೆ ನೋಡಿದೆ. ಎದುರುಮನೆಯ ಚಿಮಣಿ, ಕಾಡಿನ ಅಂಚು, ಅದರ ಹಿಂದೆ ಬೆಟ್ಟ. ಸಣ್ಣದು, ನೀಲಿ. ಮೇಲೆ ಒಂದೇ ಮರ.

“ಉಂಟಾ?” ಎಂದು ಕೇಳಿದಳು ಚಿಕ್ಕಮ್ಮ.

“ಉಂಟು,” ಎಂದೆ.

“ಹಾಗಾದ್ರೆ ನೀನೂ ಕೂತ್ಕೊ.”

ಒಲೆ ಆರಿಸಿ ಬಂದು ಕೂತೆ.